ಕೊನೆಯ ಮನೆಗೆ ಮೊದಲ ನೀರು

ಇನ್ನೂ ಕೋಳಿ ಕೂಗಿಲ್ಲ. ಜಗಳೂರು ತಾಲ್ಲೂಕಿನ ತಗ್ಗಿನಕಟ್ಟೆಯಲ್ಲಿ, ಶಾಲೆಯ ಹಿಂದಿನ ನೀರಿನ ಟ್ಯಾಂಕಿನ ಕೆಳಗೆ ಮೌಲಾಸಾಬ್ ಕುಕ್ಕರುಗಾಲಲ್ಲಿ ಕೂತಿದ್ದಾರೆ. ನೆಲದ ಗುಂಡಿಯ ಮೇಲಿನ ಚಪ್ಪಡಿ ಸರಿಸಿದರೆ ಒಳಗೆ ವಾಲ್ವು, ವಾಲ್ವಿನ ಮೇಲೊಂದು ಕಪ್ಪೆ. "ಏಳವ್ವ, ನಿನ್ನ ಪಾಳಿ ಮುಗೀತು" ಎಂದು ಅದನ್ನು ಅಂಗೈಯಲ್ಲಿ ಎತ್ತಿ ಹುಲ್ಲಿಗೆ ಬಿಡುತ್ತಾರೆ. ಉದ್ದನೆಯ ಕಬ್ಬಿಣದ ಕೀಯನ್ನು ವಾಲ್ವಿಗೆ ಸಿಕ್ಕಿಸಿ ಎರಡೂ ಕೈಯಿಂದ ತಿರುವುತ್ತಾರೆ. ಆಮೇಲೆ ಕೀಯ ಮೇಲ್ತುದಿಗೆ ಕಿವಿ ಹಚ್ಚಿ, ಮಲಗಿದ ಮಗುವಿನ ಉಸಿರು ಕೇಳುವವರ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಪೈಪಿನೊಳಗೆ ಗೊರಗೊರ ಸದ್ದು. "ಹೊಂಟಿತು" ಎನ್ನುತ್ತಾರೆ, ಯಾರಿಗೂ ಅಲ್ಲ.

ನೀರು ಹೊರಟದ್ದು ಟ್ಯಾಂಕಿನ ಪಕ್ಕದ ಓಣಿಗಲ್ಲ. ಹಳ್ಳ ದಾಟಿ, ದಿಬ್ಬ ಹತ್ತಿ, ತಗ್ಗಿನಕಟ್ಟೆ ಹಟ್ಟಿಗೆ. ನೀರಿನ ಹಿಂದೆಯೇ ಮೌಲಾಸಾಬರ ಸೈಕಲ್ಲೂ ಹೊರಡುತ್ತದೆ. ಹಟ್ಟಿಯ ಬೇವಿನ ಮರದ ಕೆಳಗೆ ನಿಂತು ಸೀಟಿ ಊದಿದರೆ ಒಂದೊಂದೇ ಬಾಗಿಲು ತೆರೆಯುತ್ತದೆ. ಬಿಂದಿಗೆ, ಕೊಡ, ಪೇಂಟಿನ ಡಬ್ಬಿ, ಕಂಕುಳಲ್ಲಿ ಅರೆನಿದ್ದೆಯ ಕೂಸು.

"ಮೌಲಣ್ಣ ಸೀಟಿ ಊದಾಕತ್ತಿದ ಮ್ಯಾಲೆ ನಮ್ಮ ಹುಂಜ ನಾಚ್ಕೊಂಡು ಕೂಗಾದೇ ಬಿಟ್ಟೈತೆ ನೋಡ್ರಿ" ಎಂದು ಕೊನೆಯ ಮನೆಯ ಗಾದ್ರಮ್ಮ ಕೊಡ ಇಡುತ್ತಾರೆ.

"ಅದ್ನ ನಂಗೆ ಕೊಟ್ಟುಬಿಡು, ಕೆಲಸ ಇಲ್ದಿದ್ದು ಯಾಕೆ ಸಾಕ್ತೀಯ" ಎಂದು ಮೌಲಾಸಾಬ್ ಸೈಕಲ್ ತಿರುಗಿಸುತ್ತಾರೆ.

ಐವತ್ತೇಳರ ಮೌಲಾಸಾಬ್ ಊರಿನ ವಾಟರ್‌ಮ್ಯಾನ್. ಅವರ ಅಜ್ಜ ಊರೂರು ತಿರುಗಿ ಹಾಸಿಗೆಯ ಹತ್ತಿ ಹಿಂಜಿಕೊಡುತ್ತಿದ್ದವರು. ಫೋಮಿನ ಹಾಸಿಗೆ ಬಂದ ಮೇಲೆ ಹತ್ತಿ ಹಿಂಜುವ ಬಿಲ್ಲು ಅಟ್ಟ ಸೇರಿತು. ಮೌಲಾಸಾಬ್ ಹರೆಯದಲ್ಲಿ ಊರ ಕಟ್ಟೆಯ ನೀರುಗಂಟಿಯ ಹಿಂದೆ ಗುದ್ದಲಿ ಹಿಡಿದು ನಡೆದರು. ಆಗ ಕಟ್ಟೆಯಲ್ಲಿ ನೀರು ನಿಲ್ಲುತ್ತಿತ್ತು. ಗದ್ದೆಗೆ ನೀರು ಬಿಡುವಾಗ ನೀರುಗಂಟಿ ಅಜ್ಜ ತೂಬಿನ ಬಾಯಲ್ಲೇ ಇರುವ ಗೌಡರ ಗದ್ದೆ ಬಿಟ್ಟು ಕೊಟ್ಟಕೊನೆಯ ತುಂಡು ಹೊಲಕ್ಕೆ ಮೊದಲು ಹಾಯಿಸುತ್ತಿದ್ದ. ಯಾಕೆಂದು ಕೇಳಿದರೆ, "ಮುಂದಿನೋನು ಕೈ ಚಾಚಿದ್ರೆ ಸಿಗ್ತೈತೆ. ಹಿಂದಿನೋನು ಏನು ಚಾಚಬೇಕು?" ಎನ್ನುತ್ತಿದ್ದನಂತೆ.

ಕಟ್ಟೆ ಬತ್ತಿತು, ನೀರುಗಂಟಿ ಅಜ್ಜ ಹೋದ. ಬೋರ್‌ವೆಲ್ ಬಂತು, ಟ್ಯಾಂಕು ಬಂತು, ಮನೆಮನೆಗೆ ನಲ್ಲಿ ಬಂತು. ಪಂಚಾಯಿತಿಯವರು ಮೌಲಾಸಾಬರ ಕೈಗೆ ಕೀ ಕೊಟ್ಟರು. ಕೀ ಹೊಸದು, ಪದ್ಧತಿ ಹಳೆಯದೇ. ಟ್ಯಾಂಕು ತುಂಬಿರುವಾಗಷ್ಟೇ ನೀರು ದಿಬ್ಬ ಹತ್ತುತ್ತದೆ. ಆದ್ದರಿಂದ ಹಟ್ಟಿಗೆ ಮೊದಲು, ಆಮೇಲೆ ಊರಿಗೆ. ಇಪ್ಪತ್ತು ವರ್ಷ ಯಾರೂ ಇದನ್ನು ಪ್ರಶ್ನಿಸಲಿಲ್ಲ, ಏಕೆಂದರೆ ಯಾರೂ ಗಮನಿಸಿರಲಿಲ್ಲ. ಊರು ಏಳುವ ಹೊತ್ತಿಗೆ ಊರಿನ ನಲ್ಲಿಯಲ್ಲೂ ನೀರು ಇರುತ್ತಿತ್ತು.

ಊರಿಗೂ ಹಟ್ಟಿಗೂ ನಡುವೆ ಇರುವುದು ಒಂದು ಹಳ್ಳ. ಆದರೆ ನೋಡಿದವರಿಗೆ ಎರಡು ತಾಲ್ಲೂಕಿನಂತೆ ಕಾಣುತ್ತವೆ. ಸಿಮೆಂಟ್ ರಸ್ತೆ ಊರಿನ ತುದಿಯವರೆಗೆ ಬಂದು ಹಳ್ಳದ ದಂಡೆಯಲ್ಲಿ ನಿಂತುಬಿಟ್ಟಿದೆ. ಊರಿನಲ್ಲಿ ಚರಂಡಿ, ಸಮುದಾಯ ಭವನ, ಬಸ್ಸು. ಹಟ್ಟಿಯಲ್ಲಿ ಬೇವಿನ ಮರ, ಅಂಗನವಾಡಿ, ಮತ್ತೆ ಬೇವಿನ ಮರ. ಯಾಕೆ ಹೀಗೆ ಎಂದರೆ ಊರಿನಲ್ಲಿ ಒಂದೇ ಉತ್ತರ: "ಅವರ ಓಟು ಹಂಗೆ." ಹಟ್ಟಿಯಲ್ಲೂ ಅದೇ ಉತ್ತರ: "ನಮ್ಮ ಓಟು ಹಂಗೆ."

ಹಟ್ಟಿಯ ಹಿರಿಯ ಪಾಲಣ್ಣನವರು ಕಂಬಳಿ ಕೊಡವಿ ಕೂತು ಹೇಳುವ ಕಥೆ ಕೇಳಬೇಕು. ಹಿಂದೆ ಹಟ್ಟಿಯವರು ಊರಿನ ಶಾಲೆಗೇ ಹೋಗಿ ಓಟು ಹಾಕುತ್ತಿದ್ದರು. ಮುದುಕರು, ಬಸುರಿಯರು ಹಳ್ಳ ಇಳಿದು ಹತ್ತಬೇಕು. ಅದಕ್ಕೇ ಅರ್ಜಿಯ ಮೇಲೆ ಅರ್ಜಿ ಕೊಟ್ಟು, ಅಂಗನವಾಡಿಯಲ್ಲೇ ಬೂತು ಮಾಡಿಸಿಕೊಂಡರು. ಬೂತು ಬಂದ ದಿನ ಮಂಡಕ್ಕಿ ಹಂಚಿದರು. ಹಟ್ಟಿಯವರು ಸರ್ಕಾರದಿಂದ ಕೇಳಿ ಪಡೆದದ್ದು ಅದೊಂದೇ ತಾನೆ!

ಅಲ್ಲಿಯವರೆಗೆ ಹಟ್ಟಿಯ ಓಟು ಮನೆಗೊಂದು ದಿಕ್ಕು. "ಹರಿದು ಹಂಚಿ ಹೋಗೋ ಓಟಿಗೆ ಯಾವನು ಬೆಲೆ ಕೊಡ್ತಾನೆ ಅಂತ ನಾನೇ ಹೇಳ್ದೆ" ಎನ್ನುತ್ತಾರೆ ಪಾಲಣ್ಣ. ಕಳೆದ ವಿಧಾನಸಭೆ ಚುನಾವಣೆಯ ಮುಂಚೆ ಹಟ್ಟಿಯ ಎಲ್ಲ ಮನೆಯವರೂ ಹಾಲಿನ ತಂಬಿಗೆ ಮುಟ್ಟಿ ಆಣೆ ಮಾಡಿದರು, ಈ ಸಲ ಎಲ್ಲರದೂ ಒಬ್ಬನಿಗೇ. ಆಣೆ ಯಾರೂ ಮುರಿಯಲಿಲ್ಲ. ಆ ಒಬ್ಬ ಸೋತ.

"ಶಾಲೆ ಬೂತಿನಾಗೆ ಹಾಕಿದ್ರೆ ಊರಿನ ಓಟಿನ ಜೊತೆ ನಮ್ದೂ ಬೆರೆತು ಹೋಗಿರೋದು. ಯಾರ್ದು ಯಾರಿಗೆ ಅಂತ ಬ್ರಹ್ಮಂಗೂ ಗೊತ್ತಾಗ್ತಿರಲಿಲ್ಲ. ಬೂತು ಬೇರೆ ಆತಲ್ಲ, ಎಣಿಸೋ ದಿನ ನಮ್ಮ ಹಟ್ಟಿ ಬೆತ್ತಲೆ ನಿಂತಂಗಾತು. ನಾವೇ ಕೇಳಿ ತಂದ ಬೂತು ನಮ್ಮನ್ನೇ ಹಿಡಿದು ಕೊಡ್ತು." ಪಾಲಣ್ಣ ನಗುತ್ತಾರೆ. ನಗು ಮುಗಿದ ಮೇಲೂ ಕೈ ಕಂಬಳಿಯ ದಾರ ಎಳೆಯುತ್ತಲೇ ಇರುತ್ತದೆ.

ಗೆದ್ದವರ ಕಡೆಯವರಾಗಿ ಊರಿನಲ್ಲಿ ಓಡಾಡಿದವರು ಪಂಚಾಯಿತಿ ಸದಸ್ಯ ನಾಗೇಂದ್ರಪ್ಪ. ಫಲಿತಾಂಶದ ಮರುವಾರ ಅವರು ಟ್ಯಾಂಕಿನ ಹತ್ತಿರ ಬಂದು ಮೌಲಾಸಾಬರ ಹೆಗಲ ಮೇಲೆ ಕೈ ಇಟ್ಟರು.

"ಮೌಲಾ, ನಾಳೆಯಿಂದ ಊರಿಗೆ ಮೊದ್ಲು ಬಿಡು. ಉಳಿದಿದ್ದು ಹಟ್ಟಿಗೆ."

"ಉಳಿಯಾದಿಲ್ಲ ಗೌಡ್ರೇ. ಊರಾಗೆ ನಲ್ಲಿಗೆ ಮೋಟ್ರು ಹಚ್ಚಿ ಎಳೀತಾರೆ. ಟ್ಯಾಂಕು ಅರ್ಧ ಆದ್ರೆ ದಿಬ್ಬ ಹತ್ತಂಗಿಲ್ಲ."

"ನಿನ್ನ ಕೆಲಸ ಕಾಯಂ ಮಾಡೋ ಮಾತು ಮುಂದಿನ ಸಭೆಗೆ ಬರ್ತೈತೆ. ನೆನಪಿರಲಿ."

ಹಾಗೆ ನೋಡಿದರೆ ನಾಗೇಂದ್ರಪ್ಪ ಕೆಟ್ಟವರಲ್ಲ. ಹಟ್ಟಿಯಲ್ಲಿ ಹೆರಿಗೆ ನೋವು ಬಂದರೆ ಅವರ ಟಾಟಾ ಏಸೇ ಓಡುವುದು. ಈಗ ಆ ನೀರಿನ ಮಾತೆತ್ತಿದರೆ ಮೀಸೆ ಒರೆಸಿಕೊಳ್ಳುತ್ತಾರೆ. "ನಮ್ಮ ಕಡೆ ಹುಡುಗ್ರು ಬಿಡಲಿಲ್ಲ. ಗೆದ್ದ ಮ್ಯಾಲೆ ಏನಾರ ತೋರಿಸಬೇಕಲ್ರಿ. ರಸ್ತೆ ತೋರಿಸಾಕೆ ಟೆಂಡರ್ ಬೇಕು. ನೀರಿಗಾದ್ರೆ ಒಂದು ಮಾತು ಸಾಕು."

ಆ ಒಂದು ಮಾತು ಮೌಲಾಸಾಬರ ಮನೆಗೆ ಬಂದು ಕೂತಿತು. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ ಸುಸ್ತಾದ ಮನೆ. ಊರಿನಲ್ಲಿ ಅವರ ಜನದ ಮನೆಗಳು ಬೆರಳಲ್ಲಿ ಎಣಿಸುವಷ್ಟು. ಚುನಾವಣೆ ಬಂದರೆ ಎರಡೂ ಕಡೆಯವರು ಅಂಗಳಕ್ಕೆ ಬಂದು, "ನಿಮ್ಮ ಓಟು ನಮ್ಮದೇ ಬಿಡಿ" ಎಂದು ತಾವೇ ಹೇಳಿ ತಾವೇ ನಕ್ಕು ಹೋಗುತ್ತಾರೆ. ಯಾರ ಎದುರೂ ನಿಲ್ಲದೆ ಬದುಕಿ ಅಭ್ಯಾಸ. ಮೌಲಾಸಾಬ್ ಮರುದಿನ ಊರಿನ ವಾಲ್ವು ಮೊದಲು ತಿರುವಿದರು. ಕೀಗೆ ಕಿವಿ ಹಚ್ಚಲಿಲ್ಲ.

ಊರಿನ ಸರದಿ ಮುಗಿಸಿ ಹಟ್ಟಿಗೆ ಹೋಗಿ ಸೀಟಿ ಊದಿದರು. ನಲ್ಲಿ ಕೆಮ್ಮಿತು. ದಾರದಷ್ಟು ನೀರು ಬಂದು ನಿಂತಿತು. ಗಾದ್ರಮ್ಮನ ಮಗಳು ಆಗ ಹಸಿ ಬಾಣಂತಿ. ಕೂಸಿನ ಬಟ್ಟೆ ಬಕೆಟ್ಟಿನಲ್ಲಿ ನೆನೆಯದೆ ಬಿದ್ದಿತ್ತು.

"ಅವತ್ತು ಗಾದ್ರಮ್ಮ ಬೈದಿದ್ರೆ ಚೆಂದಿತ್ತು. ಬಾಯಿಗೆ ಬಂದಂಗೆ ಬಯ್ಯೋ ಹೆಣ್ಣುಮಗಳು ಆಕೆ. ಸುಮ್ನೆ ಕೊಡ ಮಗುಚಿಟ್ಟು ಒಳಗೆ ಹೋದ್ಲು" ಎನ್ನುತ್ತಾರೆ ಮೌಲಾಸಾಬ್.

ಹೆಂಡತಿ ಸೈದಾಬೀ ಮಾತ್ರ ಬಿಡಲಿಲ್ಲ. "ನೀರಿಲ್ದ ಮ್ಯಾಲೆ ಸೀಟಿ ಯಾಕೆ ಊದ್ತೀರಿ? ಕೂಸುಗಳ ನಿದ್ದೆ ಕೆಡಿಸಾಕಾ?" ಎಂದರಂತೆ.

ಈಗ ಇಲ್ಲೊಂದು ಸಂಗತಿ ಗೊತ್ತಿರಬೇಕು. ತಗ್ಗಿನಕಟ್ಟೆಯ ಈರುಳ್ಳಿ ಹೊಲಗಳು ಊರಿನವರವು. ಅದರ ಕಳೆ ತೆಗೆಯುವ ಕೈಗಳು ಹಟ್ಟಿಯವು. ಆ ವರ್ಷ ಮುಂಗಾರು ಹಿಡಿದು ಈರುಳ್ಳಿ ಚಿಗುರುವ ಹೊತ್ತಿಗೇ ಕಳೆಯೂ ಮೇಲೆದ್ದಿತು. ನೀರಿಲ್ಲದ ಹಟ್ಟಿಯ ಹೆಂಗಸರು ಕೊಡ ಹೊತ್ತು ಹಳ್ಳ ಇಳಿದು ಊರಿನ ನಲ್ಲಿಗಳ ಮುಂದೆ ನಿಂತರು. ಕೇಳಿದವರಿಗೆ ಇಲ್ಲ ಎನ್ನಲು ಊರಿನ ಹೆಂಗಸರಿಗೆ ಬಾಯಿ ಬರಲಿಲ್ಲ. ತಮ್ಮ ಮನೆಯ ಕೊಡ ತುಂಬಿದ ಮೇಲೆ ಪೈಪು ಕೊಟ್ಟರು. ಹಟ್ಟಿಯವರು ನೀರು ಹೊತ್ತು ದಿಬ್ಬ ಹತ್ತಿ, ಅಡಿಗೆ ಮಾಡಿ, ಬುತ್ತಿ ಕಟ್ಟಿ ಹೊಲಕ್ಕೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ಒಂದು ವಾರದಲ್ಲಿ ಈರುಳ್ಳಿ ಎಲ್ಲಿದೆ, ಹುಲ್ಲು ಎಲ್ಲಿದೆ ತಿಳಿಯದಾಯಿತು.

ಮೊದಲು ಸಿಡಿದವರು ನಾಗೇಂದ್ರಪ್ಪನವರ ಹೆಂಡತಿ ಪುಷ್ಪಾವತಿ. ಜಗಲಿಯ ಮೇಲೆ ಗಂಡ ನಾಲ್ಕು ಜನರ ಜೊತೆ ಚಹಾ ಕುಡಿಯುತ್ತಿದ್ದಾಗ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತರಂತೆ.

"ಹೊಲ ನೋಡಿ ಬಂದ್ರಾ? ಕಳೆ ಯಾರು ಕೀಳ್ತಾರೆ, ನಿಮ್ಮ ಪಾರ್ಟಿಯೋರಾ? ಕರೀರಿ ಅವರ್ನ, ಕಳೆ ಕೀಳೋ ಕುರ್ಚಿಗಿ ನಾನು ಕೊಡ್ತೀನಿ."

ಜಗಲಿಯಲ್ಲಿ ಒಬ್ಬರು ನಗಲು ಹೋಗಿ ಚಹಾ ನೆತ್ತಿಗೆ ಹತ್ತಿಸಿಕೊಂಡರು. ಪುಷ್ಪಾವತಿ ಅಲ್ಲಿಗೇ ನಿಲ್ಲಿಸಲಿಲ್ಲ. "ಗಾದ್ರಮ್ಮನ ಮಗಳು ಹಸಿಮೈಯಾಗೆ ನನ್ನ ನಲ್ಲಿಗೆ ಬಂದು ನಿಂತಾಳೆ. ನಾನು ಹೆತ್ತೋಳಲ್ವಾ? ಯಾವ ಮುಖ ಇಟ್ಕೊಂಡು ನೋಡ್ಲಿ?"

ಸಭೆ ಸೇರಲಿಲ್ಲ, ಠರಾವು ಆಗಲಿಲ್ಲ. ಆ ಸಂಜೆ ನಾಗೇಂದ್ರಪ್ಪ ಬೈಕ್ ನಿಲ್ಲಿಸದೆಯೇ, "ಮೌಲಾ, ಮೊದ್ಲು ಹೆಂಗಿತ್ತೋ ಹಂಗೆ" ಎಂದು ಹೇಳಿ ಹೋದರು. ಮರುದಿನ ಬೆಳಗಿನ ಜಾವ ಮೌಲಾಸಾಬ್ ಹಟ್ಟಿಯ ವಾಲ್ವು ತಿರುವಿ ಕಿವಿ ಹಚ್ಚಿದರು. ಗಾದ್ರಮ್ಮ ಆವತ್ತು ಬಾಯಿಗೆ ಬಂದಂತೆ ಬೈದರಂತೆ. ಇಡೀ ವಾರದ ಬಾಕಿ ತೀರಿಸಿದರು ಎಂದು ಮೌಲಾಸಾಬ್ ಖುಷಿಯಿಂದ ಹೇಳುತ್ತಾರೆ.

ಇದಾಗಿ ಎರಡು ಮುಂಗಾರು ಕಳೆದಿವೆ. ರಸ್ತೆ ಇನ್ನೂ ಹಳ್ಳದ ದಂಡೆಯಲ್ಲೇ ಇದೆ. ಮೌಲಾಸಾಬರ ಕೆಲಸವೂ ಕಾಯಂ ಆಗಿಲ್ಲ. ಪ್ರತಿ ಸಭೆಯಲ್ಲೂ ಮುಂದಿನ ಸಭೆಗೆ ನೋಡೋಣ ಎನ್ನುತ್ತಾರೆ. ಹಾಗಾದರೆ ಎಲ್ಲವೂ ಓಟಿನಿಂದಲೇ ಆಗುವುದೇ? ಈ ಪ್ರಶ್ನೆಗೆ ಹಟ್ಟಿಯಲ್ಲಿ ಈಗ ಮೊದಲಿನಂತೆ ಒಂದೇ ಉತ್ತರ ಬರುವುದಿಲ್ಲ.

ಗಾದ್ರಮ್ಮ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಚನ್ನಗಿರಿ ಕಡೆಯ ಕೆರೆಬಿಳಚಿಗೆ ಹೋಗುತ್ತಾರೆ. ಸುಲಿಯುವ ಕಡೆ ನಾಲ್ಕು ತಾಲ್ಲೂಕಿನ ಹೆಂಗಸರು ಸೇರುತ್ತಾರೆ, ಕೈ ನಿಲ್ಲದೆ ಮಾತೂ ನಿಲ್ಲದು. "ಹೊನ್ನಾಳಿ ಕಡೆಯಾಕೆ ಹೇಳ್ತಾಳೆ, ನಮ್ಮೂರು ಗೆದ್ದೋನಿಗೇ ಹಾಕಿದ್ದು, ಮಳೆ ಬಂದ್ರೆ ಮೊಣಕಾಲು ಕೆಸರು ಅಂತ. ನ್ಯಾಮತಿ ಕಡೆಯಾಕೆ, ನಾವು ಸೋತೋನಿಗೆ ಹಾಕಿದ್ವಿ, ದೊಡ್ಡ ರಸ್ತೆ ನಮ್ಮ ಮನೆ ಮುಂದೇ ಹಾಯ್ತು ಅಂತಾಳೆ. ಅಡಿಕೆ ಮನೆಯಾಕೆ ನಗ್ತಾಳೆ, ನಮ್ಗೆ ಯಾರು ಗೆದ್ರೂ ಡ್ಯಾಮಿನ ಚಾನಲ್ ನೀರು ಬರ್ತೈತೆ ಬಿಡ್ರೇ ಅಂತ. ನಂಗೆ ತಲೆ ಕೆಟ್ಟು ಒಂದು ಹಿಡಿ ಕಾಯಿ ಸುಲೀದೆ ಹಂಗೇ ಬುಟ್ಟಿಗೆ ಎಸೆದೆ."

ಮೌಲಾಸಾಬರಿಗೂ ಪೂರ್ತಿ ಗೊತ್ತಿಲ್ಲ. "ಓಟಿನಿಂದ ಅಲ್ಲ ಅನ್ನಾಕೆ ಆಗಂಗಿಲ್ರಿ. ಕಣ್ಣಾರೆ ಕಂಡೀನಿ, ಈ ಕೈಯಿಂದ್ಲೇ ಮಾಡೀನಿ. ಆದ್ರೆ ಹಟ್ಟಿ ದಿಬ್ಬದ ಮ್ಯಾಲೆ ಐತೆ, ಬೋರು ಊರಾಗೆ ಐತೆ, ಹಳ್ಳಕ್ಕೆ ಸೇತುವೆ ಯಾರ ಕಾಲದಾಗೂ ಆಗ್ಲಿಲ್ಲ. ಓಟು ಹಾಕೋದಕ್ಕಿಂತ ಮುಂಚೆಯಿಂದ್ಲೂ ಅದು ಹಂಗೇ ಐತೆ. ಎಲ್ಲಾ ಓಟಿನ ಮ್ಯಾಲೆ ಹಾಕಿದ್ರೆ ಉಳಿದೋರೆಲ್ಲ ಬಚಾವ್."

ಪಂಚಾಯಿತಿ ಚುನಾವಣೆ ಬರಲಿದೆ ಎಂಬ ಮಾತು ಶುರುವಾಗಿದೆ. ಬೂತು ಮತ್ತೆ ಊರಿನ ಶಾಲೆಗೇ ಹೋಗಲಿ, ಓಟು ಬೆರೆತು ಹೋಗಲಿ ಎಂದು ಹಟ್ಟಿಯ ಕೆಲವರು ಅರ್ಜಿ ಬರೆಸುತ್ತಿದ್ದಾರೆ. ಪಾಲಣ್ಣ ಒಪ್ಪುತ್ತಿಲ್ಲ. "ಹೆದರ್ಕೊಂಡು ಹಳ್ಳ ಇಳಿಯಾದಕ್ಕಿಂತ ಬೆತ್ತಲೆ ನಿಲ್ಲಾದೇ ವಾಸಿ" ಎನ್ನುವುದು ಅವರ ಹಟ.

ಯಾರು ಗೆದ್ದರೂ ಮತ್ತೊಮ್ಮೆ ಹೆಗಲ ಮೇಲೆ ಕೈ ಬೀಳಬಹುದು ಎಂದು ಮೌಲಾಸಾಬರಿಗೆ ಗೊತ್ತು. ಆಗ ಏನು ಮಾಡುತ್ತೀರಿ ಎಂದರೆ ಮನೆಯ ಕಟ್ಟೆಯ ಮೇಲೆ ಕೂತು ಸೈದಾಬೀ ಕೊಟ್ಟ ರೊಟ್ಟಿ ಮುರಿಯುತ್ತಾರೆ.

"ಹಟ್ಟಿ ದಿಬ್ಬದ ಮ್ಯಾಲೆ ಅವರ್ದೇ ಒಂದು ಸಣ್ಣ ಟ್ಯಾಂಕು ಕಟ್ಟಿಸಬೇಕು. ಇವರ ನೀರು ಇವರಿಗೆ, ಅವರ ನೀರು ಅವರಿಗೆ. ಯಾರಿಗೆ ಮೊದ್ಲು ಅಂತ ನನ್ನ ಕೇಳೋರೇ ಇರಬಾರ್ದು. ಅಷ್ಟಾದ್ರೆ ಸಾಕು ನಂಗೆ."

"ಹಂಗಾದ್ರೆ ನಿಮ್ಗೇನು ಕೆಲಸ?" ಸೈದಾಬೀ ಒಲೆಯ ಮುಂದಿನಿಂದಲೇ ಕೇಳುತ್ತಾರೆ. "ಒಂದು ಸ್ವಿಚ್ಚು ಒತ್ತಿದ್ರೆ ಮುಗೀತು. ಕಾಯಂ ಮಾಡಾದಿರಲಿ, ಇರೋದ್ನೂ ತೆಗೀತಾರೆ."

ಮೌಲಾಸಾಬ್ ಕೊನೆಯ ತುತ್ತು ನುಂಗಿ ತಟ್ಟೆ ಸರಿಸುತ್ತಾರೆ.

"ತೆಗೀಲಿ ಬಿಡೇ. ಒಂದಿನಾನಾದ್ರೂ ಸೂರ್ಯ ನಂಗಿಂತ ಮೊದ್ಲು ಏಳಲಿ."