ನ್ಯಾಯಾಧೀಶರ ಗಮನಕ್ಕೆ ಬಾರದ ಅರ್ಜಿ

ಟೆಕ್ಸಸ್ಸಿನ ಆ ಸಣ್ಣ ಊರಿನ ಶಾಲೆಯಲ್ಲಿ ವರ್ಲೀನ್ ಟ್ಯಾಕೆಟ್ ಇಪ್ಪತ್ತೆರಡು ವರ್ಷಗಳಿಂದ ಅಡುಗೆಯವಳು. ಅವಳು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಮಾರ್ಚ್ ತಿಂಗಳ ಆ ಸೋಮವಾರ ಮಾತ್ರ ಏಪ್ರನ್ ಬಿಚ್ಚದೆಯೇ ಕೋರ್ಟಿಗೆ ನುಗ್ಗಿದಳು.

ಅವಳ ತಮ್ಮ ರಾಯ್ಸ್ ಸೆರೆಮನೆಯಲ್ಲಿದ್ದ. ಕದ್ದ ಟ್ರಕ್ಕು ಮಾರಿದ್ದು ನಿಜ, ಅವಳೂ ಅಲ್ಲಗಳೆಯುತ್ತಿರಲಿಲ್ಲ. ಆದರೆ ವಿಚಾರಣೆಗೆ ಮುಂಚೆ ಊರ ಜೈಲಿನಲ್ಲಿ ಅವನು ಕಳೆದ ಇನ್ನೂರ ಹನ್ನೊಂದು ದಿನಗಳನ್ನು ಶಿಕ್ಷೆಯ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿಡಿದರೆ ಏಪ್ರಿಲ್ ಹತ್ತಕ್ಕೆ ಬಿಡುಗಡೆ. ಹಾಗೆಂದು ಅವನು ಕೈಯಲ್ಲೇ ಬರೆದು ಕಳಿಸಿದ ಅರ್ಜಿಗೆ ಹದಿನಾಲ್ಕು ತಿಂಗಳಾದರೂ ನ್ಯಾಯಾಧೀಶರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. 'ಏನಾದರೊಂದು ತೀರ್ಮಾನ ಕೊಡುವಂತೆ ಅವರಿಗೆ ಆಜ್ಞೆ ಮಾಡಿ' ಎಂದು ಮೇಲಿನ ನ್ಯಾಯಾಲಯಕ್ಕೆ ಮ್ಯಾಂಡಮಸ್ ಅರ್ಜಿ ಹಾಕಿದ. ಅದು ಎರಡೇ ಸಾಲಿನಲ್ಲಿ ತಿರಸ್ಕೃತವಾಯಿತು: ಮೊದಲ ಅರ್ಜಿ ನ್ಯಾಯಾಧೀಶರ ಗಮನಕ್ಕೆ ಬಂದಿತ್ತೆನ್ನಲು ಪುರಾವೆ ಇಲ್ಲ. ತಲುಪಿದ್ದಕ್ಕೆ ಪುರಾವೆಯಾಗಿ ಮೊಹರು ಹಾಕಿಸಿಕೊಳ್ಳಲು ಇನ್ನೊಂದು ಪ್ರತಿ ಜೊತೆಗಿಡಬೇಕೆಂದು ಸೆರೆಮನೆಯಲ್ಲಿ ಅವನಿಗೆ ಹೇಳುವವರಾರು?

ಕೋರ್ಟಿನ ಗುಮಾಸ್ತೆ ಓಪಲ್ ಭಾನುವಾರ ಚರ್ಚಿನಲ್ಲಿ ವರ್ಲೀನಳ ಪಕ್ಕದಲ್ಲೇ ಕೂರುವವಳು.

"ಅರ್ಜಿ ಇಲ್ಲೇ ಇದೆ ಬಂಗಾರಿ, ಕಳೆದುಹೋಗಿಲ್ಲ."

"ಗೊತ್ತು. ಕೊಳೀತಾ ಇದೆ."

"ಜಡ್ಜ್ ಮುಂದೆ ಇಡಿ ಅಂತ ಯಾರೂ ಹೇಳ್ಲಿಲ್ವಲ್ಲ."

"ಜಡ್ಜ್ ಹೆಸರಿಗೇ ಬರೆದಿರೋ ಅರ್ಜೀನ ಇನ್ಯಾರ ಮುಂದೆ ಇಡ್ತೀಯ, ನಿಮ್ಮನೆ ಬೆಕ್ಕಿನ ಮುಂದೆನಾ?"

ಸಾಲಿನಲ್ಲಿದ್ದ ಮುದುಕನೊಬ್ಬ ಕಿಸಕ್ಕೆಂದ. ಓಪಲಳ ಮುಖ ಕೆಂಪಾಯಿತು.

"ನಿಯಮ ಮಾಡಿದ್ದು ನಾನಲ್ಲ ವರ್ಲೀನ್."

ವರ್ಲೀನ್ ತಾನು ತಂದಿದ್ದ ಅರ್ಜಿಯ ಎರಡು ಪ್ರತಿಗಳನ್ನು ಮುಂದೆ ತಳ್ಳಿದಳು. "ಹೊಡಿ ಮೊಹರು. ಎರಡಕ್ಕೂ. ತಾರೀಖು ಕಾಣೋ ಹಾಗೆ."

ಅಲ್ಲಿಂದ ನ್ಯಾಯಾಧೀಶರ ಸಹಾಯಕಿಯ ಮೇಜಿಗೆ ಹೋಗಿ, ತೀರ್ಮಾನ ಕೊಡಿರೆಂಬ ಪತ್ರವನ್ನು ಅರ್ಜಿಯ ಪ್ರತಿಯೊಂದಿಗೆ ಕೈಗೇ ಕೊಟ್ಟು, ತಲುಪಿತೆಂದು ಬರೆಸಿಕೊಂಡಳು. ಆ ಕಾಗದಗಳನ್ನೆಲ್ಲ ಲಗತ್ತಿಸಿ ರಾಯ್ಸ್ ಮತ್ತೊಂದು ಮ್ಯಾಂಡಮಸ್ ಅರ್ಜಿ ಹಾಕಿದ.

ಏಪ್ರಿಲ್ ಹತ್ತು ಬಂತು, ಹೋಯಿತು. ಮೇ ಕೊನೆಗೆ ಮೇಲಿನ ನ್ಯಾಯಾಲಯ ನ್ಯಾಯಾಧೀಶರ ಉತ್ತರ ಕೇಳಿತು. ಮರುದಿನವೇ ಅವರು ಇನ್ನೂರ ಹನ್ನೊಂದು ದಿನಗಳನ್ನೂ ಹಿಡಿದು ಸಹಿ ಹಾಕಿದರು. ಹದಿನಾರು ತಿಂಗಳು ಆಗದ ಸಹಿ! 'ಕೇಳಿದ್ದು ಸಿಕ್ಕಿದೆ, ತೀರ್ಮಾನಿಸಲು ಇನ್ನೇನೂ ಉಳಿದಿಲ್ಲ' ಎಂದು ಮೇಲಿನವರು ಕಡತ ಮುಚ್ಚಿದರು.

ಮೇ ಮೂವತ್ತೊಂದರಂದು ಸೆರೆಮನೆಯ ಬಾಗಿಲಲ್ಲಿ ರಾಯ್ಸ್ ಅವಳನ್ನು ತಬ್ಬಿಕೊಂಡ.

"ಗೆದ್ವಲ್ಲ ಅಕ್ಕಾ!"

"ಏನು ಗೆದ್ದಿದ್ದು? ಐವತ್ತೊಂದು ದಿನ ಹೆಚ್ಚಿಗೆ ಕೂಡಿಹಾಕಿದ್ರು. ಒಬ್ಬನಾದ್ರೂ ತಪ್ಪಾಯ್ತು ಅಂದ್ನಾ?" ಅವಳು ತನ್ನ ಕಾರಿನ ಬಾಗಿಲನ್ನು ರಪ್ಪನೆ ಎಳೆದು ತೆಗೆದಳು. "ಕಾರು ಹತ್ತು."