ಹನ್ನೆರಡನೇ ಗ್ರೇಡು ಮುಗಿಯುವವರೆಗೆ

ಮಗಳ ಹನ್ನೆರಡನೇ ಗ್ರೇಡು ಮುಗಿಯುವವರೆಗೆ ಮನೆ ಮಾರುವಂತಿಲ್ಲ, ಅಲ್ಲಿಯವರೆಗೆ ನಾನೂ ಅವಳೂ ಅಲ್ಲೇ ಇರಬಹುದು ಎಂದು ಕೋರ್ಟು ಆದೇಶ ಕೊಟ್ಟದ್ದು 2015ರಲ್ಲಿ. ಆಗ ಅವಳು ಒಂಬತ್ತನೇ ಗ್ರೇಡಿನಲ್ಲಿದ್ದಳು. ಡಿವೋರ್ಸ್ ಆದ ಕೂಡಲೇ ಸ್ಕಾರ್‌ಬರೋದ ಆ ಮನೆ ಮಾರಿ ಪಾಲು ಮಾಡಬೇಕೆಂದು ಅವಳಪ್ಪ ಹಟ ಹಿಡಿದಿದ್ದ. ಶಾಲೆ, ಗೆಳತಿಯರು, ತನ್ನ ಕೋಣೆ ಇವನ್ನೆಲ್ಲ ಬಿಟ್ಟು ಮಗು ಬದುಕಲಾರದು ಎಂದು ನಾನು ಅಫಿಡವಿಟ್ಟಿನಲ್ಲಿ ಬರೆಸಿದ್ದೆ. ಮಗುವನ್ನು ಕೇಳಿರಲಿಲ್ಲ. ನಮ್ಮ ಧಾರವಾಡದ ಮನೆಯಲ್ಲಿ ಇಂಥ ವಿಷಯಗಳನ್ನು ಮಕ್ಕಳನ್ನು ಕೇಳಿ ಯಾರೂ ನಿರ್ಧರಿಸಿದ್ದಿಲ್ಲ.

ಅವ್ವನಿಗೆ ಫೋನು ಮಾಡಿದೆ. “ಮನಿ ಉಳೀತಲ್ಲ?” ಎಂದಳು.

“ಉಳೀತವ್ವಾ,” ಎಂದೆ.

ಉಳಿದಿರಲಿಲ್ಲ, ಮಾರಾಟ ಮುಂದೆ ಹೋಗಿತ್ತು ಅಷ್ಟೆ. ಆದರೂ ಗೆದ್ದೆ ಎಂದು ಬೀಗಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಗಾದೆ ನಮಗೆ ತಟ್ಟದ ಹಾಗೆ ನೋಡಿಕೊಂಡವಳು ನಾನೇ ಅಂದುಕೊಂಡೆ. ಅವಳ ಕೋಣೆಯ ಪರದೆಯನ್ನು ಕೂಡ ಬದಲಿಸಲಿಲ್ಲ. ಅವಳಪ್ಪ ನಾರ್ತ್ ಯಾರ್ಕಿನ ಅಪಾರ್ಟ್‌ಮೆಂಟಿನಿಂದ ಎರಡು ವಾರಕ್ಕೊಮ್ಮೆ ಶುಕ್ರವಾರ ಸಂಜೆ ಬಂದು ಅವಳನ್ನು ಕರೆದೊಯ್ಯುತ್ತಿದ್ದ. ಅವನು ಕಾರಿನಿಂದ ಇಳಿಯುತ್ತಿರಲಿಲ್ಲ, ನಾನು ಬಾಗಿಲಿಗೆ ಹೋಗುತ್ತಿರಲಿಲ್ಲ.

ಅವಧಿ ಮುಗಿಯುತ್ತ ಬಂದಂತೆ ನನಗೆ ನಿದ್ದೆ ಹಾರಿತು. ಮಗಳು ಮನೆಯಿಂದಲೇ ಯೂನಿವರ್ಸಿಟಿಗೆ ಹೋಗುವುದಾದರೆ ಇನ್ನಷ್ಟು ವರ್ಷ ಕೇಳಿ ನೋಡಬಹುದು ಎಂದರು ನನ್ನ ವಕೀಲೆ. ಆದರೆ ಈಗ ಅವಳಿಗೆ ಹದಿನೆಂಟು, ಹಾಗೆಂದು ಅವಳೇ ಬರೆದುಕೊಡಬೇಕು. ಅವತ್ತು ಜೋಳದ ರೊಟ್ಟಿ, ಜುಣಕ ಮಾಡಿ ಅವಳನ್ನು ಟೇಬಲ್ಲಿಗೆ ಕೂರಿಸಿದೆ. ಮನೆಯ ಬಗ್ಗೆ ಅವಳನ್ನು ಕೇಳಿದ್ದು ಅದೇ ಮೊದಲು.

“ಬ್ಯಾಡಮ್ಮ,” ಎಂದಳು. “ಜಸ್ಟ್ ಸೆಲ್ ಇಟ್.”

ನನಗೆ ಪಿತ್ತ ನೆತ್ತಿಗೇರಿತು. “ನಾಕು ವರ್ಷ ಯಾರ ಸಲುವಾಗಿ ಹಲ್ಲು ಕಚ್ಚಿ ಇಲ್ಲಿ ಕುಂತೀನಿ? ನಿಮ್ಮಪ್ಪ ಹೇಳಿ ಕೊಟ್ಟಾನೇನು?”

ಅವಳು ದನಿ ಏರಿಸಲಿಲ್ಲ. “ಯಾರರ ಹೋದ ಕೂಡ್ಲೆ ಕಸ ಹೊಡೀಬಾರದು ಅಂತ ಅಜ್ಜಿ ಇಲ್ಲಿಗೆ ಬಂದಾಗ ಹೇಳಿದ್ಲು. ನೀನು ಎವ್ರಿ ಟೈಮ್ ಹೊಡೀತಿದ್ದಿ. ಕಾರು ರಿವರ್ಸ್ ಆಗೋದ್ರಾಗ. ವಿಂಡೋದಾಗ ಕಾಣ್ತಿತ್ತು.”

ಸುಳ್ಳಲ್ಲ. ಹೊರಟವರ ಬೆನ್ನಿಗೇ ಮನೆ ಗುಡಿಸುವುದು ನಮ್ಮಲ್ಲಿ ಹೆಣ ಎತ್ತಿದ ದಿನ ಮಾತ್ರ. ಅದು ಗೊತ್ತಿದ್ದೇ ನಾನು ಮುಂದಿನ ಕಿಟಕಿಯ ಪರದೆ ಸರಿಸಿ, ಅವನಿಗೆ ಕಾಣಲೆಂದೇ ಕಸಬರಿಗೆ ಹಿಡಿಯುತ್ತಿದ್ದೆ. ಅವನ ಮುಖ ಚಿಕ್ಕದಾಗುವುದನ್ನು ನೋಡಿ ಒಳಗೊಳಗೇ ಹಿಗ್ಗುತ್ತಿದ್ದೆ.

“ಅದು ನಿಮ್ಮಪ್ಪಗ ಅಂತ ಮಾಡಿದ್ದು. ನಿನಗಲ್ಲ,” ಎಂದೆ.

“ಐ ನೋ ಅಮ್ಮ. ಬಟ್ ಆ ಕಾರಿನಾಗ ನಾನೂ ಇರ್ತಿದ್ದೆ.”

ಅವಳು ರೊಟ್ಟಿ ಮುರಿದು ಜುಣಕ ಹಚ್ಚಿಕೊಂಡು ತಿನ್ನತೊಡಗಿದಳು. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ. ಮರುದಿನ ವಕೀಲೆಗೆ ಫೋನು ಮಾಡಿ, ಇನ್ನು ಅವಧಿ ಕೇಳುವುದು ಬೇಡ, ಮನೆ ಮಾರಾಟಕ್ಕೆ ಹಾಕಲಿ ಎಂದೆ.