ಭಟ್ಟರ ಅಂಗಡಿಯ ಒಣಮೀನು

ಕೆದಂಬಾಡಿಯ ಮಹಾಗಣಪತಿ ಭಟ್ಟರ ಜೀನಸು ಅಂಗಡಿಗೆ ಹೊಸ ಅಕ್ಕಿ ಚೀಲ ಬಂದರೆ ಅದು ನಮಗೆ ಸಿಗುವುದು ಮರುದಿನವೇ. ಬಂದ ದಿನ ಒಂದು ಪಾವು ಅಕ್ಕಿ ಹಿಂದಿನ ಬಾಗಿಲಿನಿಂದ ಅವರ ಮನೆಯೊಳಗೆ ಹೋಗುತ್ತದೆ. ಹೆಂಡತಿ ವಸುಮತಿ ಅನ್ನ ಮಾಡಬೇಕು, ಇವರು ಉಣ್ಣಬೇಕು, ಇಬ್ಬರೂ "ಅಡ್ಡಿಲ್ಲ" ಎನ್ನಬೇಕು. ಆಮೇಲೆ ಚೀಲ ಅಂಗಡಿಯ ಮುಂಭಾಗಕ್ಕೆ ಬರುತ್ತದೆ. ಬೇಳೆ, ಬೆಲ್ಲ, ಹುಣಸೆಹುಳಿ ಎಲ್ಲದಕ್ಕೂ ಇದೇ ಕ್ರಮ. ಒಮ್ಮೆ ಬೆಲ್ಲ ಸ್ವಲ್ಪ ಉಪ್ಪುಪ್ಪು ಎಂದು ವಸುಮತಿ ಅತ್ತಿಗೆ ಹೇಳಿದ್ದಕ್ಕೆ ಇಡೀ ಪೆಟ್ಟಿಗೆ ಪುತ್ತೂರಿಗೆ ವಾಪಸು ಹೋಗಿತ್ತು.

ನಾನು ಅವರ ಪಕ್ಕದ ಮನೆಯವನು. ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಹಿಂದಿ ಕಲಿಸಿ ನಿವೃತ್ತನಾದ ಮೇಲೆ, ಬೆಳಿಗ್ಗೆ ಭಟ್ಟರ, ಅಂದರೆ ನಮ್ಮ ಗಣಪಣ್ಣನ, ಅಂಗಡಿಯ ಬೆಂಚಿನಲ್ಲಿ ಕೂತು ಪುಕ್ಕಟೆ ಪೇಪರು ಓದುವುದೇ ನನ್ನ ಉದ್ಯೋಗ. ಮನೆಯಲ್ಲಿ ಉಂಡು ನೋಡದೆ ಒಂದು ಸಾಮಾನನ್ನೂ ಮಾರದ ಈ ಮನುಷ್ಯನನ್ನು ನಾನು ಬೇಕಾದಷ್ಟು ತಮಾಷೆ ಮಾಡಿದ್ದೇನೆ. ಆದರೆ ನಮ್ಮ ಮನೆಗೆ ಸಾಮಾನು ಅಲ್ಲಿಂದಲೇ. ಅವರು ಕೊಟ್ಟ ಕಟ್ಟನ್ನು ಬಿಚ್ಚಿ ನೋಡುವ ಅಭ್ಯಾಸ ನಮಗ್ಯಾರಿಗೂ ಇಲ್ಲ.

ಎರಡು ವರ್ಷದ ಹಿಂದೆ ಹತ್ತಿರದ ಗೇರುಬೀಜದ ಫ್ಯಾಕ್ಟರಿಗೆ ಅಸ್ಸಾಮಿನ ಕಡೆಯ ಕುಟುಂಬಗಳು ಬಂದವು. ಅವರಲ್ಲಿ ಮೊದಲು ಅಂಗಡಿಯ ಮೆಟ್ಟಿಲು ಹತ್ತಿದವಳು ನುಸ್ರತ್. ಅವಳು ಫ್ಯಾಕ್ಟರಿಯಲ್ಲಿ ಬೀಜ ಸುಲಿಯುತ್ತಾಳೆ, ಗಂಡ ಇಮ್ತಿಯಾಝ್ ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುತ್ತಾನೆ. ಅವಳು ಸಾಸಿವೆ ಎಣ್ಣೆ ಕೇಳಿದಳು. ನಾನು ಅನುವಾದಿಸಿ ಹೇಳಿದೆ.

"ಯಾರಿಗೆ ಮೈಕೈ ನೋವು ಅಂತ ಕೇಳಿ ಮಾಷ್ಟ್ರೇ" ಎಂದರು ಗಣಪಣ್ಣ.

ತಿಕ್ಕಲಿಕ್ಕಲ್ಲ, ಅಡುಗೆಗೆ ಎಂದು ತಿಳಿದಾಗ ಅವರು ಬಾಯಿ ಬಿಟ್ಟು ಕೂತರು. ಆದರೂ ಮಂಗಳೂರಿನಿಂದ ಎಣ್ಣೆ ತರಿಸಿದರು. ಕ್ರಮ ಕ್ರಮವೇ. ವಸುಮತಿ ಅತ್ತಿಗೆ ಆ ಎಣ್ಣೆಯಲ್ಲಿ ಬದನೆಕಾಯಿ ಹುರಿದರು, ಗಂಡಹೆಂಡತಿ ಇಬ್ಬರೂ ಕಣ್ಣಲ್ಲಿ ನೀರು ಸುರಿಸಿಕೊಂಡು ತಿಂದರು. "ಸಾಮಾನು ಒಳ್ಳೇದುಂಟು. ಆದ್ರೆ ಇನ್ನೊಮ್ಮೆ ಬೇಡ" ಎಂದು ಅತ್ತಿಗೆಯ ತೀರ್ಪು ಬಂತು. ಮತ್ತೆ ಮಸೂರ್ ಬೇಳೆ ಬಂತು. ಅದನ್ನೂ ಸಾರು ಮಾಡಿ ಉಂಡರು. ನುಸ್ರತ್ ಈ ಕತೆ ಕೇಳಿ ನಕ್ಕು ನಕ್ಕು ಸುಸ್ತಾದಳು. ಎಲ್ಲರೂ "ಭಟ್ರೇ" ಎನ್ನುವುದನ್ನು ಕೇಳಿ ಅವಳು "ಭಟ್ ಚಾಚಾ" ಎಂದು ಕರೆಯತೊಡಗಿದ್ದಳು.

ಉಳಿದದ್ದು ಒಣಮೀನು. ಅದಕ್ಕಾಗಿ ಫ್ಯಾಕ್ಟರಿಯ ಹೆಂಗಸರು ಕೆಲಸ ಮುಗಿದ ಮೇಲೆ ಕುಂಬ್ರದ ಅಲಿ ಕುಂಞಿಯ ಅಂಗಡಿಗೆ ನಡೆಯಬೇಕಿತ್ತು. ಈ ವರ್ಷ ಮಳೆಗಾಲ ಶುರುವಾಗುವಾಗ ನುಸ್ರತ್ ಅದನ್ನೂ ಕೇಳಿಯೇ ಬಿಟ್ಟಳು. ಗಣಪಣ್ಣ ಎರಡು ದಿನ ಯೋಚಿಸಿದರು. ಆ ಹೆಂಗಸರು ಮಳೆಯಲ್ಲಿ ನೆನೆದುಕೊಂಡು ಹೋಗುವುದು ಅವರಿಗೆ ನಿಜವಾಗಿ ಕಂಡಿತ್ತು. ಮೀನಿಗೆ ಹೋದವರು ಅಕ್ಕಿಯನ್ನೂ ಅಲ್ಲಿಂದಲೇ ತರುತ್ತಾರೆ ಎಂಬುದೂ ಕಂಡಿತ್ತು.

"ತನ್ನಿ ಬೇಕಾದ್ರೆ, ನಾನು ಬೇಡ ಹೇಳುದಿಲ್ಲ" ಎಂದರು ವಸುಮತಿ ಅತ್ತಿಗೆ. "ಆದ್ರೆ ಒಳಗೆ ಇಡುದು ಬೇಡ ಮಾರಾಯ್ರೆ. ಅಕ್ಕಿಗೆಲ್ಲ ವಾಸನೆ ಹಿಡೀತದೆ."

ಅಲಿ ಕುಂಞಿಯೇ ಒಂದು ಪೆಟ್ಟಿಗೆ ಒಣ ಬಂಗುಡೆ ಮೀನು ತಂದುಕೊಟ್ಟ. "ಭಟ್ರೇ, ಇದಕ್ಕೆ ಗಾಳಿ ಬೇಕು. ಬಿಸಿಲು ಕಂಡ್ರೆ ಹೊರಗೆ ಹರಡಿ" ಎಂದು ಹೇಳಿಯೂ ಹೋದ.

ಗಣಪಣ್ಣ ಗಾಳಿ ಕೊಡುವುದೇ? ವಾಸನೆ ಹೊರಗೆ ಬರಬಾರದೆಂದು ಮೀನನ್ನು ಮೂರು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಾಯಿಗೆ ಹಗ್ಗ ಬಿಗಿದು, ಹಿಂದಿನ ತಗಡಿನ ಮಾಡಿನ ಕೆಳಗೆ ಇಟ್ಟರು. ಯಾರಾದರೂ ಕೇಳಿದರೆ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಮುಖ ಅತ್ತ ತಿರುಗಿಸಿ, ಉಸಿರು ಕಟ್ಟಿ ತೆಗೆದು, ಪೇಪರಿನಲ್ಲಿ ಸುತ್ತಿ, ಚೀಲಕ್ಕೆ ಗಂಟು ಹಾಕಿ ಕೊಡುತ್ತಿದ್ದರು. ನಾನು ಬೆಂಚಿನಲ್ಲಿ ಕೂತು ನಗುತ್ತಿದ್ದೆ. ಹಾಗೆ ನಗುವುದು ತಪ್ಪು ಎಂದು ಆಗ ನನಗೂ ಅನಿಸಿರಲಿಲ್ಲ, ಈಗ ಅನಿಸುತ್ತದೆ.

ಜಡಿಮಳೆಯ ಆಟಿ ತಿಂಗಳಲ್ಲಿ ಒಂದು ವಾರ ಫ್ಯಾಕ್ಟರಿಯವರು ಯಾರೂ ಅಂಗಡಿಗೆ ಬರಲಿಲ್ಲ. ಕೊಡೆ ಅಡ್ಡ ಹಿಡಿದು ರಸ್ತೆಯ ಆಚೆ ಬದಿಯಿಂದ ಹೋಗುತ್ತಿದ್ದರು. ಗಣಪಣ್ಣ "ನುಸ್ರತ್" ಎಂದು ಕರೆದರೂ ಅವಳು ತಿರುಗಲಿಲ್ಲ. ಕಾರಣ ಹೇಳಿದವನು ಅಲಿ ಕುಂಞಿ.

"ಭಟ್ರೇ, ನಿಮ್ಮ ಮೀನು ತಿಂದು ಇಮ್ತಿಯಾಝ್ ಮತ್ತೆ ಇಬ್ಬರು ಆಸ್ಪತ್ರೆಯಲ್ಲಿದ್ರು. ವಾಂತಿಭೇದಿ. ನಿನ್ನೆ ಮನೆಗೆ ಬಂದದ್ದು. ಹಾಳಾದದ್ದು ಅಂತ ಗೊತ್ತಿದ್ದೇ ನಮಗೆ ಕೊಟ್ರು ಅಂತ ಹೇಳ್ತಾರೆ ಅವರು."

ಗಣಪಣ್ಣ ಅವನನ್ನು ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ ಕಟ್ಟು ಬಿಚ್ಚಿದರು. ಅಲಿ ಕುಂಞಿ ಎರಡು ಹೆಜ್ಜೆ ಹಿಂದೆ ಸರಿದ. "ಎಂತ ಭಟ್ರೇ ಇದು! ಇಡೀ ಕೊಳೆತಿದೆ. ನಿಮಗೆ ವಾಸನೆ ಬರಲಿಲ್ವಾ?"

"ಮೊದಲೂ ಹೀಗೇ ಇತ್ತಲ್ಲ?" ಎಂದರು ಗಣಪಣ್ಣ.

ಅವರು ನಾಟಕ ಮಾಡುತ್ತಿರಲಿಲ್ಲ. ನನಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಹುಟ್ಟಿದಾಗಿನಿಂದ ಮೀನು ಎಂದರೆ ಮೂಗು ಮುಚ್ಚಿಕೊಂಡವರು ನಾವು. ಅದರಲ್ಲಿ ಒಳ್ಳೆಯ ವಾಸನೆ, ಕೆಟ್ಟ ವಾಸನೆ ಎಂದು ಎರಡಿರುತ್ತದೆ ಎಂದು ನಮಗೆ ಯಾರು ಹೇಳಬೇಕಿತ್ತು?

ಮೂವರು ಸಾಯದೆ ಉಳಿದದ್ದು ದೇವರ ದಯೆ ಎಂದು ಅತ್ತಿಗೆ ದೀಪ ಹಚ್ಚಿದರು. ಗಣಪಣ್ಣನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಅಂಗಡಿ ಇಟ್ಟ ಮೂವತ್ತು ವರ್ಷದಲ್ಲಿ ಯಾರೂ ಆಡದ ಮಾತು. ಗೊತ್ತಿದ್ದೂ ಕೊಟ್ಟ ಎಂಬ ಹೆಸರು ಹೊತ್ತು ಅಂಗಡಿಯಲ್ಲಿ ಕೂರುವುದಕ್ಕಿಂತ ಬಾಗಿಲು ಹಾಕುವುದೇ ವಾಸಿ ಎಂದರು. "ನನಗೆ ಗೊತ್ತಿರಲಿಲ್ಲ ಅಂತ ಅವಳು ನಂಬಬೇಕು. ನೀವು ಬನ್ನಿ ಮಾಷ್ಟ್ರೇ, ನನ್ನ ಹಿಂದಿಗೆ ಕಾಲೂ ಇಲ್ಲ ಕೈಯೂ ಇಲ್ಲ."

ಆ ಸಂಜೆಯೇ ಫ್ಯಾಕ್ಟರಿಯ ಹಿಂದಿನ ಲೈನ್ ಮನೆಗಳಿಗೆ ಹೋದೆವು. ಇಮ್ತಿಯಾಝ್ ಚಾಪೆಯಲ್ಲಿ ಗೋಡೆಗೊರಗಿ ಕೂತಿದ್ದ, ಮುಖ ಬತ್ತಿ ಹೋಗಿತ್ತು. ನುಸ್ರತ್ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ. ಅವಳು ಹಿಂದಿಯಲ್ಲಿ ಹೇಳಿದ್ದನ್ನು ನಾನು ಬಿಡದೆ ಕನ್ನಡದಲ್ಲಿ ಹೇಳಿದೆ.

"ಬೇರೆ ಅಂಗಡಿಯದ್ದಾಗಿದ್ದರೆ ಅಲ್ಲಿಯೇ ಬಿಚ್ಚಿ ಮೂಸಿ ನೋಡುತ್ತಿದ್ದೆ. ಚಾಚಾನದ್ದು ಎಂದು ಕಟ್ಟು ಹಾಗೆಯೇ ತಂದಿಟ್ಟು ಕೆಲಸಕ್ಕೆ ಹೋದೆ. ಇವನಿಗೆ ಶೀತವಾಗಿ ಮೂಗು ಕಟ್ಟಿತ್ತು, ಖಾರ ಹಾಕಿ ಬೇಯಿಸಿ ಜೊತೆಯವರಿಗೂ ಬಡಿಸಿದ. ಇವನಿಗೆ ಶೀತ. ಚಾಚಾನಿಗೆ ಏನಾಗಿತ್ತು?"

"ನನಗೆ ಗೊತ್ತಾಗಲಿಲ್ಲ ಅಂತ ಹೇಳಿ" ಎಂದರು ಗಣಪಣ್ಣ.

ಹೇಳಿದೆ. ಅವಳು ನಂಬಲಿಲ್ಲ. ಕೊಳೆತ ಮೀನು ಗೊತ್ತಾಗದವರು ಭೂಮಿಯ ಮೇಲೆ ಇದ್ದಾರೆಯೇ ಎಂದು ಕೇಳಿದಳು. ಆಮೇಲೆ ಒಳಗೆ ಹೋಗಿ ಎರಡು ಬಂಗುಡೆ ತಂದಳು. ಒಂದು ಗಣಪಣ್ಣ ಕೊಟ್ಟದ್ದರಲ್ಲಿ ಉಳಿದದ್ದು, ಇನ್ನೊಂದು ಆಮೇಲೆ ಕುಂಬ್ರದಿಂದ ತಂದದ್ದು. ಅವಳು ಒಳಗಿನಿಂದಲೇ ಬೂಷ್ಟನ್ನು ಒರೆಸಿ, ಮೇಲೆ ಉಪ್ಪು ಸವರಿದ್ದರಿಂದ ನೋಡಲಿಕ್ಕೆ ಎರಡೂ ಒಂದೇ.

"ಯಾವುದು ಹಾಳಾದದ್ದು? ಹೇಳಲಿ."

ಅಕ್ಕಪಕ್ಕದ ಬಾಗಿಲುಗಳಿಂದ ಜನ ಹೊರಗೆ ಬಂದರು. ಗಣಪಣ್ಣ ಜನ್ಮದಲ್ಲಿ ಮೊದಲ ಸಲ ಬರಿಗೈಯಲ್ಲಿ ಮೀನು ಹಿಡಿದರು. ಒಂದನ್ನು ಮೂಗಿನ ಹತ್ತಿರ ತಂದು ಥಟ್ಟನೆ ಮುಖ ಹಿಂದಕ್ಕೆಳೆದರು. ಇನ್ನೊಂದನ್ನು ತಂದರು. ಹಣೆಯಲ್ಲಿ ಬೆವರು. ಸರಿಯಾಗಿ ಹೇಳಬೇಕೆಂಬ ಹಟ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು, ಪರೀಕ್ಷೆಗೆ ಕೂತ ಹುಡುಗನ ಹಾಗೆ. ಕೊನೆಗೆ ಬಲಗೈಯದ್ದನ್ನು ಎತ್ತಿ ತೋರಿಸಿದರು.

ಅದು ಒಳ್ಳೆಯದು. ಅಲಿ ಕುಂಞಿಯ ಅಂಗಡಿಯದ್ದು.

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಇಮ್ತಿಯಾಝ್ ಕೂಡ ನಕ್ಕ. ನನಗೆ ಎದೆಯ ಭಾರ ಇಳಿದ ಹಾಗಾಯಿತು. ತಪ್ಪು ಉತ್ತರವೇ ಗಣಪಣ್ಣನನ್ನು ಉಳಿಸಿತು, ಗೊತ್ತಿದ್ದೂ ಕೊಟ್ಟ ಎಂದು ಇನ್ನು ಯಾರು ಹೇಳಿಯಾರು? "ಹೊರಡುವ" ಎಂದು ನಾನು ಅವರ ತೋಳು ಮುಟ್ಟಿದೆ. ನುಸ್ರತ್ ಮಾತ್ರ ನಗಲಿಲ್ಲ. ಅವಳು ಅವರನ್ನೇ ನೋಡುತ್ತಾ, ಈ ಸಲ ತನಗೆ ಬಂದ ಕನ್ನಡದಲ್ಲಿ ನಿಧಾನವಾಗಿ ಕೇಳಿದಳು.

"ಗೊತ್ತಿಲ್ಲದ್ದು ಯಾಕೆ ಕೊಟ್ಟದ್ದು ಚಾಚಾ? ಬೇರೆ ಯಾರಿಗೂ ಗೊತ್ತಿಲ್ಲದ್ದು ಕೊಡುದಿಲ್ಲ ನೀವು."

ಗಣಪಣ್ಣ ಕೈಯಲ್ಲಿದ್ದ ಎರಡೂ ಮೀನುಗಳನ್ನು ನೋಡಿದರು. ಮತ್ತೆ ನನ್ನ ಕಡೆ ತಿರುಗದೆಯೇ ಹೇಳಿದರು. "ಹೇಳಿ ಮಾಷ್ಟ್ರೇ. ಅಕ್ಕಿ ನನಗೆ ಊಟ. ಮಸೂರೂ ಊಟ. ಇದನ್ನು ಮಾತ್ರ ನಾನು ನಾತ ಅಂತಲೇ ಎಣಿಸಿದ್ದು. ಇವರಿಗೆ ಇದು ಊಟ ಅಂತ ನನಗೆ ಹೊಳೆಯಲೇ ಇಲ್ಲ."

ಅದಕ್ಕೆ ಹಿಂದಿ ಹುಡುಕುವುದು ನನಗೆ ಕಷ್ಟವಾಯಿತು. ಶಬ್ದಗಳೆಲ್ಲ ಸುಲಭದವೇ. ಅವರ ಮಾತು ನನ್ನದೂ ಆಗಿತ್ತು, ಅದಕ್ಕೆ ನಾಚಿಕೆಯಾಯಿತು. ಆದರೂ ಒಂದಕ್ಷರ ಬಿಡದೆ ಹೇಳಿದೆ.

ನುಸ್ರತ್ ಕೇಳಿಸಿಕೊಂಡಳು. ಬಾಗಿಲಿನಿಂದ ಸ್ವಲ್ಪ ಬದಿಗೆ ಸರಿದು ನಿಂತಳು. ಅವರ ಎಡಗೈಯಿಂದ ಹಾಳಾದದ್ದನ್ನು ತೆಗೆದುಕೊಂಡು, "ಅದು ಒಳ್ಳೇದು, ಇನ್ನೊಮ್ಮೆ ಮೂಸಿ ನೋಡಿ" ಎಂದಳು.

ಗಣಪಣ್ಣ ಬಂಗುಡೆಯನ್ನು ಮೂಗಿನ ಹತ್ತಿರ ಹಿಡಿದು, ಉಸಿರು ಕಟ್ಟದೆ, ಕಣ್ಣು ಮುಚ್ಚಿ ಪೂರ್ತಿ ಮೂಸಿದರು. ಆಮೇಲೆ ಇನ್ನೊಂದು ಕೈ ಚಾಚಿ ಹೇಳಿದರು: "ಈಗ ಅದನ್ನು ಕೊಡು."